ವನಜಕ್ಕನ ಹ್ಯಾಂಡ್ ಗೇರು

ಪ್ರೀತಿಯ ವನಜಕ್ಕ,

ಆಪರೇಷನ್ ಆದ ಕಣ್ಣಿಗೆ ಆಯಾಸ ಕೊಡಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಹಾಗಾಗಿ ಇದನ್ನು ನಿನ್ನ ಮಗಳು ಅಮಿತಾಳೇ ಓದಿ ಹೇಳಬೇಕು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತನ್ನಾದರೂ ಮುಗಿಸಲು ಬಿಟ್ಟದ್ದುಂಟೇ? ಈ ಸಲ ಪೂರ್ತಿ ಕೇಳು. ನಿನ್ನ ಪಿಕಪ್ಪಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಮುಂಬೈಗೆ ಮಗಳ ಮನೆಗೆ ಹೊರಡುವಾಗ ಪಿಕಪ್ಪಿನ ಕೀಲಿಕೈ ಕೊಟ್ಟು ಏನಂದೆ? "ತಮ್ಮಾ, ನಾ ಬಪ್ಪ ವರಿಗೆ ಮೀನ್ ಕೊಡು. ಗಿರಾಕಿ ಕೈ ತಪ್ಪುಕಾಗ." ಅಷ್ಟೇ. ಲೋಕದ ಗಾಡಿಗಳಿಗೆಲ್ಲ ಗೇರು ಮೊಣಕಾಲಿನ ಹತ್ತಿರವಿದ್ದರೆ ನಿನ್ನದಕ್ಕೆ ಸ್ಟೇರಿಂಗಿನ ಕುತ್ತಿಗೆಯಲ್ಲಿ. ಅದರ ಗುಣ ಎಂಥದ್ದೆಂದು ಒಂದು ಮಾತು ಬೇಡವೇ?

ಮೊನ್ನೆ ಗಂಗೊಳ್ಳಿ ಬಂದರಿನಲ್ಲಿ ಬಂಗುಡೆ ಹೇರಿಕೊಂಡು ತೆಕ್ಕಟ್ಟೆಗೆ ಬಂದು, ನಿನ್ನ ಗಿರಾಕಿ ಸುಗುಣಕ್ಕನ ಮನೆಯ ಓಣಿಗೆ ನೆಟ್ಟಗೆ ನುಗ್ಗಿದೆ. ನಿನ್ನ ಹಾಗೆ ಕೆರೆದಂಡೆ ಬಳಸಿ ಹೋಗಲು ನನಗೇನು ಹುಚ್ಚೇ? ಎದುರಿಗೆ ಶಾಲೆಯ ವ್ಯಾನು ಬಂತು. ಹಿಂದಕ್ಕೆ ಸರಿಯೋಣವೆಂದು ರಿವರ್ಸಿಗೆ ಎಳೆದೆ. ಕಟಕ್ ಎಂದಿತು. ಆಮೇಲೆ ಹಿಡಿಕೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ವ್ಯಾನಿನ ಮಕ್ಕಳಿಗೆ ಹಬ್ಬವೋ ಹಬ್ಬ. ಜನ ಸೇರಿತು. "ವನಜಕ್ಕ ಅದ್ಕೆ ಬೈತ್, ಬೈದ್ ಕೂಡ್ಲೆ ಬಿಡತ್ತ್" ಅಂದ ಒಬ್ಬ. ಬೈದೆ. ನನಗೆ ಗೊತ್ತಿದ್ದ ಬೈಗುಳ ಮುಗಿಯಿತೇ ಹೊರತು ಗೇರು ಬಿಡಲಿಲ್ಲ. "ಕೊಲ್ಲೂರಮ್ಮಂಗೆ ಹೇಳ್ಕಣಿ" ಅಂದ ಇನ್ನೊಬ್ಬ. ಹೇಳಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಬೆಕ್ಕುಗಳು ಗಾಡಿ ಹತ್ತಿದ್ದವು. ಗ್ಯಾರೇಜಿನ ಚಂದಯ್ಯ ಬಂದು ಬಾನೆಟ್ ಎತ್ತಿ, ಹೆಣದ ಮುಖ ನೋಡಿದ ಹಾಗೆ ನೋಡಿ, ಮೆಲ್ಲಗೆ ಮುಚ್ಚಿದ. "ಹ್ವಾಯ್, ಇದ್ರ್ ಸಾಮಾನ್ ಈಗ ಎಲ್ಲೂ ಸಿಕ್ಕುದಿಲ್ಲ. ಗುಜ್ರಿಗೆ ಕೊಡಿ."

ಆಗ ಸುಗುಣಕ್ಕ ಖಾಲಿ ಪಾತ್ರೆ ಸೊಂಟಕ್ಕಿಟ್ಟುಕೊಂಡು ಅಂದಳು: "ಮೀನ್ ಹಾಳಾಪ್ಕೂ ಮುಂಚೆ ನಿನ್ ಮಂಡೆ ಹಾಳಾತ್ತ್ ಮಾರಾಯಾ! ವನಜಕ್ಕನ್ ಗಾಡಿ ಹಿಂದ್ ಹೋದ್ದ್ ಯಾರ್ ಕಂಡಿದ್ರ್?"

ಅಕ್ಕಾ, ಆಗ ನಿನ್ನ ದಾರಿ ನೆನಪಾಯಿತು. ಕೆರೆದಂಡೆಯ ಬಳಸು, ಕೋಟದ ಅಂಗಡಿ ಸಾಲಿನ ಹಿಂದಿನ ಸುತ್ತು, ಬ್ರಹ್ಮಾವರದಲ್ಲಿ ಮೈದಾನಕ್ಕೊಂದು ಪ್ರದಕ್ಷಿಣೆ. ಊರಿನ ಸುದ್ದಿ ಹೆಕ್ಕಲು ಹೋಗುತ್ತೀಯೆಂದು ನಾನು ನಗುತ್ತಿದ್ದೆ. "ಸುತ್ತ್ ಹೋರೆ ಎಂತಾತ್ತ್? ಮುಂದೇ ಹೋತೆ ಅಲ್ದಾ?" ಅನ್ನುತ್ತಿದ್ದೆ ನೀನು. ರಿವರ್ಸಿಗೆ ಹಾಕಿದರೆ ಗೇರು ಸಿಕ್ಕಿಕೊಳ್ಳುತ್ತದೆಂದು ಇಡೀ ದಾರಿಯನ್ನೇ ಬಗ್ಗಿಸಿಕೊಂಡಿದ್ದೀಯಲ್ಲ! ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮತ್ತೆ ಬಾನೆಟ್ ಎತ್ತಿದೆ. ಸ್ಟೇರಿಂಗಿನ ಬುಡದಲ್ಲಿ ಗೇರಿನ ಎರಡು ಪುಟ್ಟ ತೋಳುಗಳಿವೆಯಲ್ಲ, ಒಂದು ಮೇಲೆ, ಒಂದು ಕೆಳಗೆ, ಜಗಳವಾಡಿದ ಅಕ್ಕತಮ್ಮಂದಿರ ಹಾಗೆ ಮುಖ ತಿರುಗಿಸಿ ನಿಂತಿದ್ದವು. ದಾರಿ ಬಗ್ಗಿಸುವ ಮೊದಲು ನೀನು ಕೊಟ್ಟ ಪೆಟ್ಟುಗಳಿಗೆ ರಿವರ್ಸಿನ ತೋಳು ಒಂದು ಕಡೆ ಮಾತ್ರ ಸವೆದು ಹೊಳೆಯುತ್ತಿತ್ತು. ಐಸ್ ಒಡೆಯುವ ಮರದ ಕೊಡತಿ ನಿನ್ನ ಸೀಟಿನಡಿ ಏಕಿದೆಯೆಂದು ಆಗ ಹೊಳೆಯಿತು. ಅದನ್ನೇ ತಂದು ಒಂದು ಕೊಟ್ಟೆ. ಎರಡೂ ಸಮಕ್ಕೆ ಬಂದವು, ಹಿಡಿಕೆ ಸಡಿಲಾಯಿತು. ವ್ಯಾನೇ ಹಿಂದಕ್ಕೆ ಸರಿದು ದಾರಿ ಬಿಟ್ಟಿತು. ಮಕ್ಕಳು ಚಪ್ಪಾಳೆ ಹೊಡೆದರು. ಬೆಕ್ಕುಗಳು ಮಾತ್ರ ಬೇಸರದಿಂದ ಇಳಿದವು.

ಸಂಜೆ ಅಮಿತಾಳ ಫೋನು. ನಾನು ಹೇಳುವ ಮೊದಲೇ ಸುದ್ದಿ ಮುಂಬೈಗೆ ಮುಟ್ಟಿತ್ತು. "ಮಾವ, ಗೇರ್ ಸರಿಯಾಪ್ದೇ ಇಲ್ಲ ಅಂತ ಅಮ್ಮಂಗೆ ಹೇಳಿ, ಗುಜ್ರಿಗೆ ಕೊಟ್ಬಿಡಿ. ಗಾಡಿ ಇಲ್ದಿರೆ ಅಮ್ಮ ಇಲ್ಲೇ ಉಳಿತ್." ಅವಳದು ಪ್ರೀತಿಯೇ, ನನಗೆ ಗೊತ್ತು. ಬಾನೆಟ್ಟಿಗೆ ಬಗ್ಗಿ ಬಗ್ಗಿ ಬಂದ ಬೆನ್ನು ನೋವಿನ ಸಿಟ್ಟಿನಲ್ಲಿ ಹೂಂ ಅನ್ನುವವನಿದ್ದೆ. ಬೆಳಿಗ್ಗೆ ನೋಡಿ ಹೇಳುತ್ತೇನೆಂದೆ.

ಬೆಳಿಗ್ಗೆ ನಿನ್ನ ಸುತ್ತುದಾರಿಯಲ್ಲೇ ಹೋದೆ. ನಾನು ಕೊಟ್ಟ ಮೀನನ್ನು ಎಲ್ಲರೂ ಕಷಾಯದ ಹಾಗೆ ತೆಗೆದುಕೊಂಡರು. ಕೇಳಿದ್ದು ಮಾತ್ರ ಒಂದೇ: "ವನಜಕ್ಕ ಯಾವಾಗ ಬಪ್ದ್?"

ಅಮಿತಾ, ಮಗಳೇ, ಇಲ್ಲಿ ಸಾಲು ನುಂಗಬೇಡ, ಗಟ್ಟಿಯಾಗಿ ಓದು: ಗೇರು ಸರಿಯಾಗಿದೆ.

ಅಲ್ಲಿರುವುದೋ ಇಲ್ಲಿಗೆ ಬರುವುದೋ, ಅದು ನಿನ್ನ ತೀರ್ಮಾನ ಅಕ್ಕ. ಡಾಕ್ಟರು ಒಪ್ಪುವವರೆಗೆ ಮಾತ್ರ ಹಠ ಬೇಡ. ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳಿ, ಬೈದು, ಅಂಗಳದಲ್ಲಿ ತಿರುಗಿಸಿ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದ್ದೇವೆ. ನೀನು ಹತ್ತಿ ಕುಳಿತರೆ ಸಾಕು.

ಮೂಕಾಂಬಿಕೆ ನಿನ್ನ ಕಣ್ಣಿಗೆ ಬೆಳಕು ಕೊಡಲಿ, ನಿನ್ನ ಗೇರಿಗೆ ಬುದ್ಧಿ ಕೊಡಲಿ.

ಸೊಂಟ ಹಿಡಿದುಕೊಂಡೇ ಬರೆದ ನಿನ್ನ ತಮ್ಮ,
ಕರಿಯ