ಕಣ್ಣುರಿ, ಹೊಟ್ಟೆಯುರಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಚುಕ್ಕಿ,

ನಿನ್ನ ಪತ್ರ ಬಂದು ತಿಂಗಳಾಗುತ್ತಾ ಬಂತು. ಕೆಲಸ ಜಾಸ್ತಿಯಿತ್ತು ಎಂದು ಬರೆದರೆ ನೀನು ನಂಬುವುದಿಲ್ಲ. ನಮ್ಮ ನಿಘಂಟಿನ ಆಫೀಸಿನಲ್ಲಿ ಯಾರಿಗೂ ಯಾವತ್ತೂ ಅವಸರವಿರಲಿಲ್ಲವೆಂದು ಇಷ್ಟು ವರ್ಷ ನನ್ನೆದುರು ಕೂತು ಕರಡು ತಿದ್ದಿದ ನಿನಗೆ ಗೊತ್ತು. ತಡ ಮಾಡಿದ್ದು ತಪ್ಪು, ಹೊಟ್ಟೆಗೆ ಹಾಕಿಕೊ. ಮೊಣಕಾಲು ನೋವು ಹೇಗಿದೆ? ಹೊಸ ಮನೆಗೆ ಮೆಟ್ಟಿಲಿಲ್ಲ, ಅಷ್ಟರಮಟ್ಟಿಗೆ ಆ ಮನೆ ನನಗೂ ಇಷ್ಟ.

ನೀನು ಎರಡು ಪ್ರಶ್ನೆ ಹಾಕಿದ್ದೆ. ಬೇಸಿಗೆ ರಜೆಗೆ ಬರುತ್ತೀಯೋ ಇಲ್ಲವೋ ಎಂಬುದು ಒಂದು. ಕಳೆದ ಸಲ ನಾಲ್ಕು ದಿನ ಇರುತ್ತೇನೆಂದು ಬಂದವಳು ಮಾರನೆಯ ದಿನವೇ ಯಾಕೆ ಚೀಲ ಎತ್ತಿಕೊಂಡು ಹೊರಟೆ ಎಂಬುದು ಇನ್ನೊಂದು. ಅದರ ಕೆಳಗೆ ತಮಾಷೆಗೆ, "ನಾನು ಮದುವೆಯಾದೆ ಅಂತ ಹೊಟ್ಟೆಕಿಚ್ಚೇನೇ?" ಎಂದು ಬರೆದಿದ್ದೀಯ. ಅದಕ್ಕೆ ಉತ್ತರ ಬರೆದು ಬರೆದು ಹರಿದು ಹಾಕುತ್ತಿರುವಾಗಲೇ, ನೋಡು, ಆಫೀಸಿನಲ್ಲೂ ಅದೇ ಮಾತು ಎದುರಿಗೆ ಬಂದು ನಿಂತಿತು.

ಮೊದಲು ಆಫೀಸಿನ ಸುದ್ದಿ. ನಿನ್ನ ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರನ್ನು ತಂದು ಕೂರಿಸಿದ್ದಾರೆ. ಒಳ್ಳೆಯ ಮನುಷ್ಯ, ಅದೇ ತೊಂದರೆ. ಬೈಯೋಣವೆಂದರೆ ಏನೂ ಸಿಗುವುದಿಲ್ಲ. ಮೊದಲ ದಿನ ನಾನು ಹಸ್ತಪ್ರತಿ ಗಟ್ಟಿಯಾಗಿ ಓದುತ್ತಿದ್ದೆ, ಅವರು ಅಚ್ಚಿನ ಕರಡು ಹಿಡಿದು ತಾಳೆ ನೋಡುತ್ತಿದ್ದರು. ಅಭ್ಯಾಸಬಲ, ಅಲ್ಪವಿರಾಮ ಬಂದಾಗ ಮೇಜನ್ನು ಒಂದು ಸಲ ತಟ್ಟಿದೆ, ಪೂರ್ಣವಿರಾಮಕ್ಕೆ ಎರಡು ಸಲ. ಅವರು ಎದ್ದು ಹೋಗಿ ಬಾಗಿಲು ತೆರೆದು, "ಯಾರೂ ಇಲ್ವಲ್ಲ" ಅಂದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ನೀನು ನೆನಪಾದೆ, ನಗು ನಿಂತಿತು. ನಿನ್ನ ಗಂಟಲು ಕೆಟ್ಟಿದ್ದ ವರ್ಷ, ಓದುವ ಸರದಿ ನಿನ್ನದಾದಾಗ ಬಾಯಿಗೆ ವಿಶ್ರಾಂತಿ ಕೊಡಲು ನೀನೇ ಹುಡುಕಿದ ಉಪಾಯವಲ್ಲವೇ ಅದು? ಮೇಷ್ಟ್ರಿಗೆ ನಾನದನ್ನು ಹೇಳಿಕೊಡಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮ ಎಂದು ದಿನವಿಡೀ ಬಾಯಲ್ಲೇ ಕೂಗುತ್ತೇವೆ. ಗಂಟಲು ಹೋದರೆ ಹೋಗಲಿ.

ಹೋದ ವಾರ ಎನ್ವಿ ಎಂಬ ಇಂಗ್ಲಿಷ್ ಪದದ ಕರಡು ಬಂತು. ಅರ್ಥ 'ಹೊಟ್ಟೆಕಿಚ್ಚು, ಅಸೂಯೆ' ಎಂದಿತ್ತು. ಅನುಮಾನ ಬಂದು ಜೆಲಸಿ ಎಂಬ ಪದದ ಹಾಳೆ ತೆಗೆಸಿದರೆ ಅಲ್ಲೂ ಅವೇ ಎರಡು, ಹಿಂದುಮುಂದಾಗಿ ಕೂತಿವೆ. "ಎರಡೂ ಒಂದೇ ಅಲ್ವಾ? ಒಂದರ ಕೆಳಗೆ 'ಇನ್ನೊಂದನ್ನು ನೋಡಿ' ಅಂತ ಹಾಕಿದ್ರಾಯ್ತು" ಎಂದರು ಮೇಷ್ಟ್ರು. ನಾನು ರೇಗಿಬಿಟ್ಟೆ. ಎಷ್ಟು ರೇಗಿದೆನೆಂದರೆ ಪಕ್ಕದ ಕೋಣೆಯಿಂದ ಸಂಪಾದಕರು ಚಹದ ಲೋಟ ಹಿಡಿದುಕೊಂಡೇ ಬಂದರು. ಒಂದೇ ಅಲ್ಲವೆಂದಾದರೆ ವ್ಯತ್ಯಾಸವೇನೆಂದು ನೀವೇ ಬರೆದುಕೊಡಿ ಎಂದು ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ಬರೆದೆ. ಎನ್ವಿಯ ಮೂಲ ಲ್ಯಾಟಿನ್. ಕೆಟ್ಟ ಕಣ್ಣಿಟ್ಟು ನೋಡುವುದು ಎಂಬ ಕ್ರಿಯಾಪದದಿಂದ ಹುಟ್ಟಿದ್ದು. ಅವಳಿಗಿರುವುದು ನನಗಿಲ್ಲವಲ್ಲ ಎಂಬ ಸಂಕಟ ಅದು. ಅದಕ್ಕೆ ಇಬ್ಬರಿದ್ದರೆ ಸಾಕು. ಜೆಲಸಿ ಗ್ರೀಕಿನಲ್ಲಿ ಹುಟ್ಟಿ, ಫ್ರೆಂಚರ ಮನೆಯಲ್ಲಿ ಬೆಳೆದು ಇಂಗ್ಲಿಷಿಗೆ ಬಂದದ್ದು. ಹುರುಪು ಎಂಬ ಅರ್ಥದ ಜೀಲ್ ಅದರ ಒಡಹುಟ್ಟು. ಜೀಲ್‌ಗೂ ಇದಕ್ಕೂ ಬೇರಿನಲ್ಲಿರುವುದು ಒಂದೇ ಕಾವು. ನನ್ನದೆಂದುಕೊಂಡದ್ದನ್ನು ಬೇರೆ ಯಾರೋ ಎತ್ತಿಕೊಂಡು ಹೋಗುತ್ತಾರೆಂಬ ಭಯ ಜೆಲಸಿ. ಅದಕ್ಕೆ ಮೂವರು ಬೇಕು. ನಮ್ಮಲ್ಲಿ ಎರಡೂ ಹೊಟ್ಟೆಯಲ್ಲೇ ಉರಿಯುವುದರಿಂದ ಈ ಗೊಂದಲ. ಎನ್ವಿಯ ಬೇರಿನಲ್ಲೇ ಕಣ್ಣಿದೆ, ಅದನ್ನು 'ಕಣ್ಣುರಿ' ಅನ್ನೋಣ, ಜೆಲಸಿಗೆ 'ಹೊಟ್ಟೆಯುರಿ' ಇರಲಿ ಎಂದು ಸೂಚಿಸಿದೆ. ಸಂಪಾದಕರು ಓದಿ, ಮೂಲವೇನೋ ಸರಿ, ಆದರೆ ಇಂಗ್ಲಿಷಿನವರೇ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತಾರೆ, ನೀವ್ಯಾಕೆ ಇಷ್ಟು ತಲೆಬಿಸಿ ಮಾಡಿಕೊಳ್ಳುತ್ತೀರಿ ಎಂದರು. ಬಳಸಲಿ. ಉರಿಯುತ್ತಿರುವವರಿಗೆ ಎಲ್ಲಿ ಉರಿಯುತ್ತಿದೆ ಎಂದು ಗೊತ್ತಿರುತ್ತದೆ.

ಜೊತೆಯವಳಿಗೆ ಈ ವಯಸ್ಸಲ್ಲಿ ಗಂಡ ಸಿಕ್ಕಿದ, ಪಾಪ ಇವಳಿಗೆ ಸಿಗಲಿಲ್ಲ ಎಂದು ಆಫೀಸಿನಲ್ಲಿ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಟೈಪಿಸ್ಟ್ ಅಂತೂ ನನಗೊಂದು ಸಂಬಂಧವನ್ನೇ ತಂದಳು, ಹಲ್ಲಿನ ಡಾಕ್ಟರು. ನಿನಗೆ ಕನ್ನಡಕದಂಗಡಿಯವರು ಸಿಕ್ಕಿದ್ದಕ್ಕೆ ನನಗೆ ಹಲ್ಲಿನವರು ಸರಿಜೋಡಿ ಅಂತ ಅವಳ ಲೆಕ್ಕವಿರಬೇಕು. ಇವರೆಲ್ಲ ಹೇಳುತ್ತಿರುವುದು ಕಣ್ಣುರಿಯ ಮಾತು. ನನ್ನೊಳಗೆ ಹುಡುಕಿ ನೋಡಿದೆ, ಅದು ಇಲ್ಲ. ನನಗೂ ನಿನ್ನ ಯಜಮಾನರಂಥವರು ಒಬ್ಬರಿರಬೇಕಿತ್ತು ಎಂದು ಒಂದು ದಿನವೂ ಅನ್ನಿಸಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಕರಡಿನ ಅಕ್ಷರ ಮಂಜಾಗುತ್ತಿದೆ ಎಂದು ನೀನು ಗೋಳಾಡಿದಾಗ ಕೈಹಿಡಿದು ಆ ಅಂಗಡಿಗೆ ಕರೆದುಕೊಂಡು ಹೋದವಳೇ ನಾನು. ಅವರು ನಿನ್ನ ಮುಖಕ್ಕೆ ಫ್ರೇಮು ಇಟ್ಟು ತೆಗೆದು, ಮತ್ತೆ ಇಟ್ಟು ತೆಗೆದು ಮಾಡುತ್ತಿದ್ದರೆ ನಾನು ಬಾಗಿಲ ಬಳಿ ನಿಂತು, ಎಷ್ಟು ಶ್ರದ್ಧೆಯ ಮನುಷ್ಯ ಎಂದುಕೊಳ್ಳುತ್ತಿದ್ದೆ. ದಡ್ಡಿ. ಅವರು ಅಂಗಡಿಯನ್ನು ಬೇರೆ ಊರಿಗೆ ಸಾಗಿಸುತ್ತಾರೆಂದು ಆಗ ಯಾರಿಗೆ ಗೊತ್ತಿತ್ತು?

ಅವರು ಒಳ್ಳೆಯವರು, ಇದನ್ನು ಹಲ್ಲು ಕಚ್ಚಿಕೊಂಡಾದರೂ ಒಪ್ಪುತ್ತೇನೆ. ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇಬ್ಬರೂ ನಗುನಗುತ್ತಾ ಬಾಳಿ, ನೂರು ಕಾಲ ಒಬ್ಬರಿಗೊಬ್ಬರು ಆಸರೆಯಾಗಿರಿ. ಮೊಣಕಾಲಿಗೆ ಮುಲಾಮು ಹಚ್ಚುವುದನ್ನು ಮರೆಯಬೇಡ, ಶುದ್ಧ ಸೋಮಾರಿ ನೀನು.

ಇಂತಿ, ನೀನೊಬ್ಬಳೇ ಹಾಗೆ ಕರೆಯುತ್ತಿದ್ದ
ಎದುರು ಕುರ್ಚಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ನಾನು ಚೀಲ ಎತ್ತಿಕೊಂಡು ಹೊರಟ ಆ ದಿನ ಬೆಳಿಗ್ಗೆ ನೀನು ಅಡುಗೆಮನೆಯ ಮೇಜಿನ ಮುಂದೆ ತರಕಾರಿ ಹೆಚ್ಚುತ್ತಿದ್ದೆ. ಅವರು ಎದುರು ಕೂತು ನಿನಗೆ ಪೇಪರ್ ಓದಿ ಹೇಳುತ್ತಿದ್ದರು. ನಾನು ಆಗಷ್ಟೇ ಮುಖ ತೊಳೆದು ಬಾಗಿಲಿಗೆ ಬಂದಿದ್ದೆ. ವಾಕ್ಯದ ನಡುವೆ ಅವರ ಬೆರಳು ಮೇಜನ್ನು ಒಂದು ಸಲ ತಟ್ಟಿತು. ವಾಕ್ಯ ಮುಗಿದಾಗ ಎರಡು ಸಲ. ನೀನು ತಲೆ ಎತ್ತಲಿಲ್ಲ, ಚಾಕು ನಿಲ್ಲಿಸಲಿಲ್ಲ, ನನ್ನೆದುರು ಹೇಗೆ ಕೂತು ಕೇಳುತ್ತಿದ್ದೆಯೋ ಹಾಗೇ ಕೂತಿದ್ದೆ. ತಲೆನೋವೆಂದು ಹೇಳಿ ನಾನು ಹೊರಟದ್ದು ಅದಕ್ಕೇ. ಗಂಡನನ್ನೂ ಮನೆಯನ್ನೂ ನೀನೇ ಇಟ್ಟುಕೊ, ನನಗೆ ಬೇಡ. ಆ ತಟ್ಟುವುದು ನಮ್ಮಿಬ್ಬರದಾಗಿತ್ತು ಕಣೇ. ನನ್ನನ್ನು ಒಂದು ಮಾತು ಕೇಳದೆ ಅವರಿಗೆ ಕೊಟ್ಟುಬಿಟ್ಟೆ. ಹೌದು, ಹೊಟ್ಟೆ ಉರಿಯುತ್ತದೆ. ರಜೆಗೆ ಖಂಡಿತ ಬರುತ್ತೇನೆ. ನಾನಿರುವಷ್ಟು ದಿನ ಅವರು ಪೇಪರನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ. ನಿನಗೆ ನಾನು ಓದುತ್ತೇನೆ.