ಮಂತ್ರಿಯ ಹಿಂದೆ ನಿಂತು ತಲೆಯಾಡಿಸಿದವನಿಗೆ

ಟೆರ್ನ್‌ವಿಕ್, ಲೊಫೊಟೆನ್ ದ್ವೀಪಗಳು
ಶನಿವಾರ ಬೆಳಿಗ್ಗೆ, ಮಾರ್ಚ್ 5, 1994

ಪ್ರೀತಿಯ ಹಿಲ್ಮಾರ್,

ಹೇಗಿದ್ದೀಯ? ಹೊರಡುವಾಗ ಇದ್ದ ಕೆಮ್ಮು ಇಳಿಯಿತೇ? ಬ್ರಸೆಲ್ಸ್‌ನಲ್ಲಿ ಅಂಥ ಚಳಿಯೇನಿಲ್ಲ ಎಂದು ಉಣ್ಣೆಯ ಒಳ ಅಂಗಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿರುತ್ತೀಯ, ನನಗೆ ಗೊತ್ತಿಲ್ಲವೇ! ಹಾಕಿಕೋ. ನನಗೆ ಮೊಣಕಾಲು ನೋವೊಂದು ಬಿಟ್ಟರೆ ಬೇರೇನೂ ಇಲ್ಲ. ಈ ಸಲ ಕಾಡ್ ಮೀನು ಚೆನ್ನಾಗಿ ಬಂದಿದೆ. ಮೀನು ಒಣಹಾಕುವ ಅಟ್ಟಣೆಗಳು ಚರ್ಚಿನ ತಿರುವಿನವರೆಗೂ ತುಂಬಿಹೋಗಿವೆ. ಮೊನ್ನೆ ಮೀನು, ಅದರ ಲಿವರ್, ಮೊಟ್ಟೆ ಮೂರನ್ನೂ ಬೇಯಿಸಿ ಮೇಜಿಗಿಟ್ಟುಕೊಂಡೆ. ಒಬ್ಬಳೇ ತಿನ್ನಲಾರದೆ ಅರ್ಧ ಹಾಗೇ ಮುಚ್ಚಿಟ್ಟೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹೂಂ ಹೂಂ, ಸರಿ ಸರಿ" ಅನ್ನುತ್ತೀಯ. ಮನೆಗೆ ಬೆಂಕಿ ಬಿದ್ದಿದೆ ಎಂದರೂ "ಸರಿ, ಹುಷಾರಾಗಿ ಮಲ್ಕೋ" ಎಂದುಬಿಟ್ಟೀಯೆ ಎಂದು ಕಾಗದ ಬರೆಯುತ್ತಿದ್ದೇನೆ.

ಮಂಗಳವಾರದ ಟಿವಿ ವಾರ್ತೆಯಲ್ಲಿ ನಿನ್ನನ್ನು ತೋರಿಸಿದರು. ಮಂತ್ರಿ ಮೈಕುಗಳ ಮುಂದೆ ನಿಂತು, ಮಾತುಕತೆ ಕೊನೆಯ ಹಂತಕ್ಕೆ ಬಂದಿದೆ, ಮೀನಿನ ವಿಷಯದಲ್ಲಿ ಯುರೋಪಿನ ಒಕ್ಕೂಟದ ಜೊತೆ ಒಂದು ಹೊಂದಾಣಿಕೆ ಆಗುತ್ತಿದೆ, ಅದಕ್ಕೆ ನಮ್ಮ ಉತ್ತರದ ಮೀನುಗಾರರ ಒಪ್ಪಿಗೆಯೂ ಇದೆ ಎಂದರು. ಹಾಗೆನ್ನುವಾಗ ಸ್ವಲ್ಪ ತಿರುಗಿ ನಿನ್ನ ಕಡೆ ನೋಡಿದರು. ನೀನು ಆ ಹೊಸ ಟೈ ಕಟ್ಟಿಕೊಂಡು ಹಿಂದೆ ನಿಂತಿದ್ದವನು, ಮುಗುಳ್ನಕ್ಕು, ನಿಧಾನವಾಗಿ ತಲೆಯಾಡಿಸಿದೆ. ಅದನ್ನು ಬುಧವಾರವೂ ತೋರಿಸಿದರು. ಗುರುವಾರವೂ ತೋರಿಸಿದರು. ಮಾತುಕತೆಗೆ ಹೋಗುವ ನಿಯೋಗದ ಒಳಗೆ ನಮ್ಮವನೊಬ್ಬ ಇರಲಿ, ಅವರು ಏನು ಮಾರುತ್ತಾರೆ ಎಂದು ಕಣ್ಣಿಟ್ಟಿರಲಿ ಎಂದು ಮೀನುಗಾರರ ಸಂಘದವರು ಚಪ್ಪಾಳೆ ತಟ್ಟಿ ಕಳಿಸಿದ್ದು ನಿನ್ನನ್ನು. ಈಗ ಆ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಜೇಬು ಸೇರಿವೆ.

ಜನರ ಸಿಟ್ಟನ್ನು ತಪ್ಪೆನ್ನಲಾರೆ. ಎಪ್ಪತ್ತೆರಡರಲ್ಲಿ ಒಕ್ಕೂಟ ಸೇರುವ ಮಾತು ಬಂದಾಗಲೂ ಇದೇ ಥರ ದೊಡ್ಡವರೆಲ್ಲ ಬಂದು, ನಾವು ಮಾತಾಡಿ ಬಂದಿದ್ದೇವೆ, ನೀವು ಮುದ್ರೆ ಒತ್ತಿದರೆ ಸಾಕು ಎಂದಿದ್ದರು. ನಾವು ಬೇಡ ಎಂದೆವು. ಈ ವರ್ಷದ ಕೊನೆಗೆ ಮತ್ತೆ ಜನಮತಗಣನೆಯಂತೆ. ಬೇಡ ಎಂದವರನ್ನು ಬೇಕು ಎನ್ನುವವರೆಗೂ ಕೇಳುತ್ತಲೇ ಇರುವುದು ಯಾವ ಸೀಮೆಯ ಕೇಳುವಿಕೆ? ಮೀನು ಇಳಿಸುವ ಕಟ್ಟೆಯಲ್ಲಿ ನೆರೆಮನೆಯ ಬೋರ್ಗಿಲ್ ಎಲ್ಲರ ಮುಂದೆಯೇ ನನ್ನನ್ನು ತಡೆದು ಹೇಳಿದಳು: "ಏನೇ ಗುನ್ವೋರ್, ನಿನ್ ಗಂಡ ಕೋಲೆಬಸವನ ಥರ ತಲೆ ಆಡಿಸ್ತಿದ್ನಲ್ಲ, ಬರೀ ಮೀನು ಬರ್ಕೊಟ್ನೋ, ಸಮುದ್ರಾನೂ ಸೇರಿಸಿ ಬರ್ಕೊಟ್ನೋ?" ನಾನೂ ಬಿಡಲಿಲ್ಲ. "ಸಮುದ್ರ ನಿಮ್ಮಪ್ಪಂದಾಗಿದ್ರೆ ನಿನ್ನ ಕೇಳ್ತಿದ್ದ ಬಿಡು" ಎಂದೆ. ಆದರೆ ಮನೆಗೆ ಬಂದು ಚಾಕು ತೊಳೆಯಲು ಹೋಗಿ ಬೆರಳು ಕುಯ್ದುಕೊಂಡೆ.

ಬೋರ್ಗಿಲ್ ಬೈದದ್ದಾದರೂ ಪರವಾಗಿಲ್ಲ. ಗುರುವಾರ ಮಧ್ಯಾಹ್ನ ಅವಳೇ ಬಂದಳು, ನನ್ನ ಬೇಕಿಂಗ್ ತಟ್ಟೆ ಹಿಂತಿರುಗಿಸಲು. ಬಾಗಿಲು ತಟ್ಟಿದಳು, ಹಿಲ್ಮಾರ್. ಈ ಊರಿನಲ್ಲಿ ಯಾರು ಯಾರ ಬಾಗಿಲು ತಟ್ಟುತ್ತಾರೆ? ತೆರಿಗೆಯವರು ತಟ್ಟುತ್ತಾರೆ, ಸಾವಿನ ಸುದ್ದಿ ತರುವ ಪಾದ್ರಿ ತಟ್ಟುತ್ತಾರೆ. ಮೂವತ್ತು ವರ್ಷ ಬೂಟಿನ ಹಿಮ ಕೊಡವಿಕೊಂಡು ನೇರ ಒಳಗೆ ಬಂದು ಕಾಫಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದವಳು, ಹೊಸ್ತಿಲಾಚೆಯೇ ನಿಂತು ತಟ್ಟೆ ಕೊಟ್ಟು ಹೋದಳು. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.

ನಮ್ಮ ದೋಣಿಯ ವಿಷಯ ಬರೆಯದಿರಲಾರೆ. ನಿನ್ನೆ, ಇವತ್ತು ಎರಡೂ ದಿನ ಅದು ಕಟ್ಟಿದಲ್ಲೇ ಇದೆ. ಗಾಳಿಯಿಂದಲ್ಲ, ಸಮುದ್ರ ತಣ್ಣಗಿದೆ. ನಿನ್ನ ತಮ್ಮ ಯೋಸ್ಟೈನ್ ಬೆಳಗಿನ ಜಾವ ಹೋದರೆ ಆಳುಗಳಿಬ್ಬರೂ ಬಂದೇ ಇರಲಿಲ್ಲವಂತೆ. ಇಂದು ನಾಲ್ಕು ಗಂಟೆಗೆ ಊರಿನ ಸಭಾಭವನದಲ್ಲಿ ಸಂಘದ ಸಭೆ. ಹಿಲ್ಮಾರ್ ನಮ್ಮ ಪರವಾಗಿ ಮಾತಾಡುವವನಲ್ಲ, ಅವನ ಒಪ್ಪಿಗೆ ನಮ್ಮ ಒಪ್ಪಿಗೆಯಲ್ಲ ಎಂದು ಠರಾವು ಮಾಡಿ ಪತ್ರಿಕೆಗಳಿಗೆ ಕಳಿಸುತ್ತಾರಂತೆ. ಒಮ್ಮೆ ಅದು ಅಚ್ಚಾದರೆ ನೀನು ಈ ಊರಿನಲ್ಲಿ ದೋಣಿ ನಡೆಸಿದ ಹಾಗೆಯೇ.

ಆ ತಲೆಯಾಡಿಸುವಿಕೆ ನನಗೆ ಗೊತ್ತು. ಊರಿಗೆಲ್ಲ ಅದು ಒಪ್ಪಿಗೆ. ನನಗೆ ಅದು ಕ್ರಿಸ್‌ಮಸ್ ಊಟಕ್ಕೆ ನನ್ನ ದೊಡ್ಡಮ್ಮ ನಿನ್ನ ಎಡಕ್ಕೆ ಕೂತು ತನ್ನ ಕಾಲಿನ ಆಪರೇಷನ್ ಕಥೆ ಹೇಳುವಾಗ ನೀನು ಆಡಿಸುವ ತಲೆ. ಎಂಜಿನ್ ಪಕ್ಕ ಅಷ್ಟು ವರ್ಷ ಕಳೆದ ಮೇಲೆ ನಿನ್ನ ಎಡಗಿವಿಯಲ್ಲಿ ಏನೂ ಉಳಿದಿಲ್ಲ, ಬಲಗಿವಿಯೂ ಅರ್ಧಂಬರ್ಧ. ಕೇಳಿಸದಿದ್ದಾಗ ನಕ್ಕು ತಲೆಯಾಡಿಸುತ್ತೀಯ, ಎದುರಿಗಿದ್ದವರಿಗೆ ಬೇಜಾರಾಗದಿರಲಿ ಎಂದು. ಆ ದಿನ ಮಂತ್ರಿ ನಿಂತಿದ್ದು ನಿನ್ನ ಎಡಕ್ಕೆ. ನಾನು ಟಿವಿಗೆ ಮೂಗು ತಾಗಿಸಿ ನೋಡಿದೆ. ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ನಿನ್ನ ಕಿವಿಗೆ ಬಿದ್ದಿಲ್ಲ. ಆದರೆ ಇದನ್ನು ಯಾರ ಮುಂದೆಯೂ ಬಾಯಿಬಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದೀಯ. "ಕೂಗಿದ್ದು ಕೇಳಿಸ್ದೇ ಇರೋನ ದೋಣಿ ಯಾರ್ ಹತ್ತಾರೆ, ಗುನ್ವೋರ್" ಅಂದಿದ್ದೆ ಅಡುಗೆಮನೆಯಲ್ಲಿ ಕೂತು. ಯೋಸ್ಟೈನ್‌ಗೂ ಹೇಳಿಲ್ಲ. ಇವತ್ತು ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತೇನೆ. ಕಳ್ಳ ಎನ್ನಿಸಿಕೊಳ್ಳುವುದು ಮೇಲೋ, ಕಿವುಡ ಎನ್ನಿಸಿಕೊಳ್ಳುವುದು ಮೇಲೋ, ಅದನ್ನು ನೀನೇ ಬಂದು ತೀರ್ಮಾನ ಮಾಡು.

ಬೇಗ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೈ ಬೆಚ್ಚಗಿರಲಿ, ದೇವರು ನಿನ್ನನ್ನು ಆ ದೊಡ್ಡವರ ನಡುವೆ ಜೋಪಾನವಾಗಿ ಇಟ್ಟಿರಲಿ.

ಎಂದೆಂದಿಗೂ ನಿನ್ನವಳು,
ಗುನ್ವೋರ್

ಮರೆತ ಮಾತು: ಮರೆತದ್ದಲ್ಲ, ಈಗಷ್ಟೇ ಆದದ್ದು. ಸಭೆಯಿಂದ ಬಂದು ಕೋಟೂ ತೆಗೆಯದೆ ಬರೆಯುತ್ತಿದ್ದೇನೆ. ಠರಾವು ಓದಲು ಎದ್ದು ನಿಂತವನು ಬೇರೆ ಯಾರೂ ಅಲ್ಲ, ಯೋಸ್ಟೈನ್. ನಿನ್ನ ಸ್ವಂತ ತಮ್ಮ. ಅವನ ದನಿ ಒಡೆದು ಹೋಗುತ್ತಿತ್ತು, ಆದರೂ ಓದಿದ. "ಹಿಲ್ಮಾರ್ ನಮ್ಮನ್ನು ಮಾರಿದ್ದಾನೆ" ಎಂಬಲ್ಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿಬಿಟ್ಟೆ, ಹಿಲ್ಮಾರ್. "ಅವನು ಮಾರಿಲ್ಲ, ಅವನಿಗೆ ಕಿವಿ ಕೇಳ್ಸಲ್ಲ" ಎಂದೆ. ಎಲ್ಲವನ್ನೂ ಹೇಳಿದೆ. ಯಾರೋ ಕಿಸಕ್ಕನೆ ನಕ್ಕರು. ಯೋಸ್ಟೈನ್ ಹಾಗೇ ಕುಸಿದು ಕೂತ. ಆಮೇಲೆ ಬೋರ್ಗಿಲ್ ಮೆಲ್ಲಗೆ ಕೇಳಿದಳು: "ಹಂಗಾದ್ರೆ ಇನ್ನೂ ಕೆಟ್ಟದ್ದಾಯ್ತಲ್ಲೇ. ಆ ಬಾಗಿಲು ಹಾಕ್ಕೊಂಡ ಕೋಣೇಲಿ ಇನ್ನೂ ಯಾವ್ಯಾವುದಕ್ಕೆ ತಲೆ ಆಡ್ಸಿದಾನೋ?" ನನಗೂ ಅದೇ ಭಯ. ನೀನು ಬಾಯಿಬಿಟ್ಟು ಹೇಳುವವರೆಗೂ ಠರಾವು ತಡೆಹಿಡಿದಿದ್ದಾರೆ, ಅಷ್ಟೇ. ಅಂಚೆಯಾದರೆ ತಡವಾಗುತ್ತದೆ, ಸಂಘದ ಫ್ಯಾಕ್ಸಿನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಹೋಟೆಲಿನವರು ಓದಿದರೆ ಓದಲಿ, ಮುಚ್ಚಿಡಲು ಇನ್ನೇನೂ ಇಲ್ಲ. ನನ್ನ ಮೇಲೆ ಸಿಟ್ಟಿದ್ದರೆ ಬಂದು ಬೈಯಿ. ಆದರೆ ಸೋಮವಾರ ಬೆಳಿಗ್ಗೆ ಆ ಕೋಣೆಗೆ ಹೋದ ತಕ್ಷಣ, ಎಷ್ಟೇ ಕ್ಯಾಮೆರಾ ಇರಲಿ, ಮಂತ್ರಿಯ ಎದುರಿಗೆ ನಿಂತು ಕಿವಿಗೆ ಕೈ ಹಿಡಿದು ಹೇಳು: "ನನಗೆ ಒಂದಕ್ಷರ ಕೇಳಿಸಿಲ್ಲ. ಮೊದಲಿಂದ ಹೇಳಿ. ಗಟ್ಟಿಯಾಗಿ ಹೇಳಿ."