ಹೊರಗೆ ಬಂದ ಎಳೆ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಬಾಣಂತಿ ನಿನ್ನ ಅಕ್ಕ ಎದ್ದು ಓಡಾಡುತ್ತಿದ್ದಾಳೆಯೇ? ಕೂಸು ನಿಮ್ಮನ್ನು ರಾತ್ರಿ ಮಲಗಲು ಬಿಡುತ್ತಿದೆಯೇ? ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳುವ ಭರದಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಟ್ಟರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ನಾವು ಮೂವರೂ ಗುಂಡುಕಲ್ಲಿನ ಹಾಗಿದ್ದೇವೆ. ನಿನ್ನ ಗಂಡ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ನಿನ್ನ ಸುದ್ದಿ ಕೇಳುತ್ತಾನೆ, ಆಮೇಲೆ ಕೇಳಲೇ ಇಲ್ಲವೆಂಬಂತೆ ಪೇಪರು ಹಿಡಿದು ಕೂರುತ್ತಾನೆ. ಫೋನು ಇರುವಾಗ ಮಾವ ಕಾಗದ ಯಾಕೆ ಬರೆದರು ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ನಾನು ಹಲೋ ಎನ್ನುವಷ್ಟರಲ್ಲಿ ನಿಮ್ಮತ್ತೆ ಅದನ್ನು ಕಿತ್ತುಕೊಳ್ಳುತ್ತಾಳೆ. ಕಾಗದವನ್ನಾದರೆ ನಾನೊಬ್ಬನೇ ಮುಗಿಸಬಹುದು.

ಹೋದ ವಾರ ನಿಮ್ಮತ್ತೆ ಫೋನು ಕಿತ್ತುಕೊಳ್ಳುವ ಮೊದಲು ನೀನು ಹೇಳಿದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಒಬ್ಬಳ ಕೈಲಿ ಆಗ್ತಿಲ್ಲ ಮಾವ, ಬಂದ್ಮೇಲೆ ಕೋಣೆ ಮುಚ್ಚಿಬಿಡ್ತೀನಿ, ಮೇಜು ಯಾರಿಗಾದ್ರೂ ಕೊಟ್ಬಿಡಿ" ಎಂದೆ. ನಾನು ಹೂಂ ಎಂದೆ. ಅದು ಕೇಳಿಸಿತು ಎನ್ನುವ ಹೂಂ, ಒಪ್ಪಿದೆ ಎನ್ನುವ ಹೂಂ ಅಲ್ಲ. ಜನ ತಮ್ಮ ಅಜ್ಜಿ ಹೆಣೆದ ಶಾಲು, ತಾಯಿ ಕಸೂತಿ ಹಾಕಿದ ಕುಪ್ಪಸ, ಮಣಿ ಪೋಣಿಸಿದ ಕೈಚೀಲ ಇವನ್ನೆಲ್ಲ ಎಷ್ಟು ನಂಬಿಕೆಯಿಂದ ನಿನ್ನ ಆ ಮುಂದಿನ ಕೋಣೆಗೆ ತಂದುಕೊಡುತ್ತಾರೆ. ತೊಳೆದು, ಬಿಟ್ಟ ಹೊಲಿಗೆ ಕೂಡಿಸಿ, ತೆಳು ಬಟ್ಟೆಯಲ್ಲಿ ಸುತ್ತಿ ನೀನು ಹಿಂದಿರುಗಿಸುವಾಗ ಅವರ ಮುಖ ಅರಳುವುದನ್ನು ನಾನು ಜಗಲಿಯ ಮೇಲೆ ಕೂತು ನೋಡಿದ್ದೇನೆ. ವರ್ಕ್‌ಶಾಪಿನಿಂದ ರಿಟೈರ್ ಆದ ಮೇಲೆ ನನಗೆ ಬೇರೆ ಕೆಲಸವಾದರೂ ಏನಿತ್ತು?

ಈಗ ನಡೆದದ್ದನ್ನು ಹೇಳುತ್ತೇನೆ, ಪೂರ್ತಿ ಓದಿದ ಮೇಲೆ ಗಾಬರಿಯಾಗು. ಬುಧವಾರ ಸಂಗೀತದ ಟೀಚರ್ ಬಂದಿದ್ದರು, ನಿನ್ನ ಹಳೆಯ ಗಿರಾಕಿ. ಕೈಯಲ್ಲಿ ಅವರ ತಾಯಿಯ ಉಣ್ಣೆಯ ಶಾಲು, ಅಂಚಿಗೆಲ್ಲ ರೇಷ್ಮೆ ದಾರದ ಕೆಂಪು ಹೂ, ಗಾಜಿನ ಮಣಿ. ಅದರ ಮೇಲೆ ಆಗತಾನೇ ಚಹಾ ಚೆಲ್ಲಿತ್ತು. ಶನಿವಾರ ಅದನ್ನು ಹೊದ್ದು ಅವರು ವೇದಿಕೆಯ ಮೇಲೆ ಹಾಡಬೇಕಿತ್ತು. ಕೋಣೆ ಮುಚ್ಚಿದೆ, ಸೊಸೆ ಊರಲ್ಲಿಲ್ಲ ಎಂದೆ. ಅವರು ಶಾಲನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲಿಳಿದರು. ನನಗೆ ತಡೆಯಲಾಗಲಿಲ್ಲಮ್ಮ. ಕೂಗಿ ಕರೆದುಬಿಟ್ಟೆ.

ನೀನು ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ಶುರುಮಾಡಿದೆ. ಮೊದಲು ಒದ್ದೆ ಬಿಳಿ ಬಟ್ಟೆಯನ್ನು ಹೂವಿನ ಹಿಂಬದಿಗೆ ಒತ್ತಿ ನೋಡಿದೆ. ಬಟ್ಟೆ ಕೆಂಪಾಯಿತು, ಅಂದರೆ ಬಣ್ಣ ಬಿಡುವ ಜಾತಿ. ನೀರಿನಲ್ಲಿ ಮುಳುಗಿಸಿದ್ದರೆ ಶಾಲಿನ ಕಥೆ ಮುಗಿಯುತ್ತಿತ್ತು. ಹೂವಿನ ಗೊಡವೆಗೆ ಹೋಗದೆ ಕಲೆಯ ಕೆಳಗೆ ಟವೆಲ್ ಇಟ್ಟು ತಣ್ಣೀರಿನ ಬಟ್ಟೆಯಿಂದ ಒತ್ತುತ್ತಾ ಕೂತೆ. ಉಜ್ಜಲಿಲ್ಲ, ದೇವರಾಣೆ. ಕಲೆ ನಿಧಾನವಾಗಿ ಟವೆಲ್ಲಿಗೆ ಇಳಿಯಿತು. ನಾನು ಉಬ್ಬಿಹೋದೆ, ಅಲ್ಲೇ ಎಡವಟ್ಟಾಯಿತು. ಇಷ್ಟು ವರ್ಷ ವರ್ಕ್‌ಶಾಪಿನ ಲೇಥ್ ಯಂತ್ರದ ಮುಂದೆ ದುಡಿದ ಕೈಯಲ್ಲವೇ, ಬೆರಳಿನ ಒರಟು ಚರ್ಮಕ್ಕೆ ರೇಷ್ಮೆಯ ಒಂದು ಎಳೆ ಸಿಕ್ಕಿ ಹೂವಿನಿಂದ ಉಂಗುರದಂತೆ ಮೇಲೆದ್ದಿತು. ಕೊರೆದ ಕಬ್ಬಿಣದ ಅಂಚಿನಲ್ಲಿ ಏನಾದರೂ ಎದ್ದು ನಿಂತರೆ ಅದನ್ನು ಸವರಿ ತೆಗೆಯುವುದೇ ನಾನು ಕಲಿತ ವಿದ್ಯೆ. ಸಲೀಸಾಗಿ ಕತ್ತರಿ ತೆಗೆದುಕೊಂಡೆ.

ನಿಮ್ಮತ್ತೆ ಅಡುಗೆಮನೆಯಿಂದ ಹೇಗೆ ಹಾರಿಬಂದಳೋ ಗೊತ್ತಿಲ್ಲ, ನನ್ನ ಮಣಿಕಟ್ಟು ಹಿಡಿದಳು. "ಅದನ್ನ ಕತ್ತರಿಸಿದ್ರೆ ಹೂವೇ ಬಿಚ್ಚಿಕೊಂಡು ಹೋಗುತ್ತೆ. ಒಳಗೆ ಕಳಿಸ್ಬೇಕು" ಎಂದಳು. ಸೂಜಿಯನ್ನು ಹಿಂಬದಿಯಿಂದ ಚುಚ್ಚಿ, ಎಳೆಯನ್ನು ನಾಜೂಕಾಗಿ ಆ ಕಡೆಗೆ ಎಳೆದುಕೊಳ್ಳಬೇಕಂತೆ. ಇದು ಅವಳಿಗೂ ನೀನೇ ಹೇಳಿಕೊಟ್ಟದ್ದಂತೆ. ಅತ್ತೆ ಸೊಸೆ ನನ್ನ ಬೆನ್ನ ಹಿಂದೆ ಏನೇನು ವಿದ್ಯೆ ಹಂಚಿಕೊಂಡಿದ್ದೀರೋ! ಆದರೆ ಅವಳ ಕಣ್ಣಿಗೆ ಈಗ ಸೂಜಿ ಕಾಣುವುದಿಲ್ಲ, ನನ್ನ ಕೈ ನೋಡಿದರೆ ಕಬ್ಬಿಣ ಉಜ್ಜುವ ಅರದ ಹಾಗೆ. ನಿನ್ನ ಬಿಳಿ ಕೈಗವಸು ಹಾಕಿಕೊಳ್ಳಲು ಹೋದೆ, ಹೆಬ್ಬೆರಳಿನ ಹತ್ತಿರ ಟರ್ ಎಂದಿತು. (ಹೊಸದು ತರಿಸಿದ್ದೇನೆ.) ಕೊನೆಗೆ ನಿಮ್ಮತ್ತೆ ಬಿಸಿನೀರಿನಲ್ಲಿ ನನ್ನ ಕೈ ನೆನೆಸಿ, ಸಕ್ಕರೆ, ಹಾಲಿನ ಕೆನೆ ಹಾಕಿ ತಿಕ್ಕಿದಳು, ಮತ್ತೆ ಜಿಡ್ಡು ಹೋಗುವವರೆಗೆ ಸೋಪು ಹಚ್ಚಿ ತೊಳೆದಳು. ಮದುವೆಯಾದಾಗಲೂ ಈ ಕೈಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಿನ್ನ ಗಂಡ ಬಾಗಿಲಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಮೇಜಿನ ದೀಪ ಹಾಕಿ, ಉಸಿರು ಬಿಗಿಹಿಡಿದು ಆ ಎಳೆಯನ್ನು ಒಳಗೆ ಕಳಿಸಿದೆ. ಹೋಯಿತು ಮಗಳೇ! ಹೂವು ಮೊದಲಿನ ಹಾಗೆ ಕೂತಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ನಿಮ್ಮತ್ತೆಯನ್ನು ಕರೆದು ತೋರಿಸಿದೆ, ಅವಳು ನೋಡಿ ಹೋದ ಮೇಲೆ ಇನ್ನೊಮ್ಮೆ ಕರೆದು ತೋರಿಸಿದೆ. ಶಾಲನ್ನು ತಂತಿಗೆ ನೇತುಹಾಕಲಿಲ್ಲ, ಮಣಿಯ ಭಾರಕ್ಕೆ ಜಗ್ಗುತ್ತದೆ ಎಂದು ನೀನು ಗಿರಾಕಿಗಳಿಗೆ ಹೇಳುತ್ತಿದ್ದುದು ನೆನಪಿತ್ತು. ನೆರಳಿನಲ್ಲಿ ಟವೆಲ್ ಮೇಲೆ ಹರಡಿ ಒಣಗಿಸಿದೆ. ಇಸ್ತ್ರಿ ಮುಟ್ಟಲಿಲ್ಲ. ಶುಕ್ರವಾರ ಟೀಚರ್ ಬಂದಾಗ, ತೆಳುವಾಗಿ ಒಂದು ಗುರುತು ಉಳಿದಿದೆ, ಸೊಸೆಯಾಗಿದ್ದರೆ ಅದನ್ನೂ ತೆಗೆಯುತ್ತಿದ್ದಳು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಶಾಲು ಹೊದ್ದು, ನಿನ್ನ ಕನ್ನಡಿಯ ಮುಂದೆ ನಿಂತು, ಮಡಿಕೆಯಲ್ಲಿ ಗುರುತನ್ನು ಮುಚ್ಚಿಕೊಂಡರು. ಹೊರಡುವಾಗ ಅವರ ಕಣ್ಣು ತೇವವಾಗಿತ್ತು. ನಿನ್ನೆ ಹಾಡಿದರಂತೆ, ಚೆನ್ನಾಗಿ ಆಯಿತಂತೆ.

ನೀನು ಅವಸರ ಮಾಡಬೇಡ, ಅಕ್ಕ ಪೂರ್ತಿ ಚೇತರಿಸಿಕೊಂಡ ಮೇಲೆಯೇ ಬಾ. ಅಲ್ಲಿ ಹಿರಿಯರಿಗೆಲ್ಲ ನಮ್ಮ ನಮಸ್ಕಾರ ತಿಳಿಸು, ಕೂಸಿಗೆ ಈ ಅಜ್ಜನ ಮುದ್ದು. ನೀನು ನೂರು ಕಾಲ ಸುಖವಾಗಿರಬೇಕು.

ಇಂತು ನಿನ್ನ ಒಳಿತನ್ನೇ ಬಯಸುವ,
ಮಾವ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಮೇಜು ಕೊಳ್ಳಲು ಪಕ್ಕದ ಬೀದಿಯ ಟೈಲರ್ ಬಂದಿದ್ದ, ಕೊಡುವುದಿಲ್ಲ ಎಂದು ಕಳಿಸಿಬಿಟ್ಟೆ. ಕೋಣೆ ಮುಚ್ಚಬೇಡಮ್ಮ. ಒಬ್ಬಳ ಕೈಯಲ್ಲಿ ಆಗದಿದ್ದರೆ ನನ್ನನ್ನು ಕೆಲಸಕ್ಕೆ ಸೇರಿಸಿಕೋ, ಮೊದಲಿನಿಂದ ಕಲಿಸು. ಎದುರಿಗೆ ನಿಂತು ಇದನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ತಪ್ಪು ಮಾಡಿದರೆ ಮಾವ ಎಂದು ನೋಡಬೇಡ, ಬೈದುಬಿಡು.